ಹಳೇ ಕಾಮಿಡಿ ಸಿನಿಮಾ ಹಚ್ಚಿದ್ರ ಮಗಳು ಎದ್ದು ಹೋದ್ಲು, ತಪ್ಪು ಯಾರದು?

ಪ್ರಶ್ನೆ: ನಾನು ಗೋಕಾಕದಂವ, ವಯಸ್ಸು 54. ದಸರಾ ಸೂಟಿಗೆ ಮಕ್ಕಳು ಮನಿಗೆ ಬಂದಿದ್ರು, ಎಲ್ಲಾರೂ ಕೂಡಿ ನೋಡೂನು ಅಂತ ನಾ ಕಾಲೇಜಿನ್ಯಾಗ ಇದ್ದಾಗ ಮೂರು ಸಲ ನೋಡಿದ್ದ ಎಂಬತ್ತರ ದಶಕದ ಒಂದು ಡಬಲ್ ಮೀನಿಂಗ್ ಕಾಮಿಡಿ ಸಿನಿಮಾ ಹಚ್ಚಿದೆ. ಅರ್ಧ ತಾಸಿನ್ಯಾಗ ಮಗ ಮೊಬೈಲ್ ಹಿಡದ, ಇಪ್ಪತ್ತು ವರ್ಷದ ಮಗಳು "ಅಪ್ಪಾ, ಇದರಾಗ ನಗೂವಂಥಾದ್ದು ಏನೈತಿ?" ಅಂತ ಕೇಳಿ ಒಳಗ ಎದ್ದು ಹೋದ್ಲು. ನಂಗ ಭಾಳ ಬ್ಯಾಸರಾತು. ನಮ್ಮ ಕಾಲದಾಗ ಇಡೀ ಟಾಕೀಸು ಬಿದ್ದು ಬಿದ್ದು ನಗತಿತ್ತು, ಆಗ ಯಾರಿಗೂ ನೋವಾಗ್ತಿದ್ದಿಲ್ಲ. ಈಗಿನ ಹುಡ್ಗೂರಿಗೆ ನಗೂದ ಗೊತ್ತಿಲ್ಲೋ, ಇಲ್ಲಾ ನಾವ ಕೆಟ್ಟವ್ರಿದ್ವೋ? ಇಂಥಾ ಸಿನಿಮಾ ಮನ್ಯಾಗ ಹಚ್ಚೂದ ಬಿಡಬೇಕೇನು? ತಂಗಿ ಮಗ ಒಂಬತ್ತು ವರ್ಷದಂವ, ಅಂವೂ ಅಲ್ಲೇ ಕುಂತಿದ್ದ.

ಉತ್ತರ: ಸರ, ನಿಮ್ಮ ಪ್ರಶ್ನಿ ಬಂದು ವಾರ ಆತು, ಉತ್ತರ ತಡ ಆಗಿದ್ದು ಅದರಾಗಿನ ಒಂದ ಸಾಲಿನ ಸಲುವಾಗಿ. "ಆಗ ಯಾರಿಗೂ ನೋವಾಗ್ತಿದ್ದಿಲ್ಲ" ಅಂತ ಬರದೀರಲ್ಲ, ಅದು. ಬಾಗಲಕೋಟಿ ಕಾಲೇಜಿನ್ಯಾಗ ಇಪ್ಪತ್ತಾರು ವರ್ಷದಿಂದ ಕನ್ನಡ ಕಲಸ್ತೇನಿ, ಶನಿವಾರ ಶನಿವಾರ ಹುಡ್ಗೂರಿಗೆ ಹಳೇ ಸಿನಿಮಾ ತೋರ್ಸಿ ಅದರ ಮ್ಯಾಲ ಮಾತಾಡಸ್ತೇನಿ, ಮೊದಲ ನಾಕೈದು ವರ್ಷ ನಾನೂ ಇದನ್ನ ಹೇಳ್ಕೋತ ಬಂದಂವ. ಈಗ ಹೇಳೂದಿಲ್ಲ. ಯಾಕ ಹೇಳೂದಿಲ್ಲ ಅನ್ನೂದನ್ನ ಮೊದಲ ಹೇಳಿಬಿಡ್ತೇನಿ, ಉಳದದ್ದೆಲ್ಲಾ ಅದರ ಬೆನ್ನಿಗೇ ಬರ್ತೈತಿ.

1991ರಾಗ ನಾ ಎಂ.ಎ. ಓದಾಕ ಮೈಸೂರಿಗೆ ಹೋದೆ. ಹಾಸ್ಟೆಲಿನ ಮೆಸ್ಸಿನ್ಯಾಗ ರಾತ್ರಿ ಊಟಕ್ಕ ಕುಂತಾಗ ಗೆಳ್ಯಾರು "ಲೋ, ಒಂದ್ಸಲ ನಿಮ್ ಭಾಷೇಲಿ ಮಾತಾಡೋ" ಅನ್ನೋರು. ನಾ ಏನರ ಅಂದ್ರ ಸಾಕು, ಅನ್ನಕ್ಕ ಸಾರು ಹಾಕ್ರಿ ಅಂದ್ರೂ ಸಾಕು, ಇಡೀ ಸಾಲು ನಗೋದು. ಅವರೇನು ಕೆಟ್ಟ ಮಂದಿ ಅಲ್ಲ, ಇವತ್ತಿಗೂ ಫೋನ್ ಮಾಡ್ತಾರ, ನಮ್ಮ ಮನಿ ಮದುವಿಗೆ ರಾತ್ರಿ ರೈಲು ಹತ್ತಿ ಬಂದವ್ರು. ಆದ್ರ ಅವರು ನಮ್ಮ ಕಡೆ ಮಾತು ಕೇಳಿದ್ದು ಬರೇ ಸಿನಿಮಾದಾಗ, ಸಿನಿಮಾದಾಗ ಈ ಮಾತು ಆಡಾಂವ ಯಾರಂದ್ರ ವಾಚ್‌ಮನ್ನು, ಅಡಗಿಯಂವ, ಊರಿಂದ ಬಂದ ದಡ್ಡ, ಇಲ್ಲಾಂದ್ರ ರೊಟ್ಟಿ ಖಾರ ತಿಂದು ಜಗಳ ತಗಿಯೋ ಪೈಲ್ವಾನ. ಆಂವ ಬಾಯಿ ತಗದ್ರ ನಗಬೇಕು ಅಂತ ಅವರ ಕಿವಿಗೆ ಮೊದಲ ಪಾಠ ಆಗಿಬಿಟ್ಟಿತ್ತು. ನಾನೂ ನಗತಿದ್ದೆ ಸರ. ಎಲ್ಲಾರಕಿಂತ ಜೋರ ನಗತಿದ್ದೆ, ಯಾಕಂದ್ರ ನಗಲಿಲ್ಲ ಅಂದ್ರ "ಇಷ್ಟಕ್ಕೆಲ್ಲಾ ಸಿಟ್ಟಾ?" ಅಂತಾರ, ಆಮ್ಯಾಲ ಅದ ಇನ್ನೊಂದು ಜೋಕ್ ಆಗ್ತೈತಿ. ಎರಡನೇ ವರ್ಷ ಮುಗಿಯೂದ್ರಾಗ ನನ್ನ ಮಾತ ಬದಲಾಗಿತ್ತು. ಸೂಟಿಗೆ ಊರಿಗೆ ಬಂದಾಗ ನಮ್ಮವ್ವ "ಯಾಕಪಾ, ಮಂದಿ ಮನಿ ಮಗನಂಗ ಮಾತಾಡ್ತಿ" ಅಂದ್ಲು. ಆ ಹಾಸ್ಟೆಲಿನ ಮಂದೀನ ಇವತ್ತು ಕೇಳಿದ್ರ "ಇಲ್ಲಪ್ಪ, ಅವನೂ ನಮ್ ಜೊತೆ ನಗ್ತಿದ್ದ, ಅವನಿಗೆ ಬೇಜಾರೇ ಆಗ್ತಿರ್ಲಿಲ್ಲ" ಅಂತಾರ. ಅವರು ಸುಳ್ಳು ಹೇಳೂದಿಲ್ಲ, ಅವರಿಗೆ ಕಂಡಿದ್ದು ಅದ.

ಕನ್ನಡದ ಮೊದಲನೇ ಮಾತಿನ ಸಿನಿಮಾ, 1934ರ ಸತಿ ಸುಲೋಚನ, ಶೂಟಿಂಗ್ ಆಗಿದ್ದು ಕೊಲ್ಲಾಪುರದಾಗ, ನಿಪ್ಪಾಣಿ ದಾಟಿದ್ರ ಬಂತು ಕೊಲ್ಲಾಪುರ. ಹುಕ್ಕೇರಿ ತಾಲೂಕಿನ ಘೋಡಗೇರಿ ಮಾತಿನ್ಯಾಗ ನಾಟಕ ಬರದ ಚಂದ್ರಶೇಖರ ಕಂಬಾರರಿಗೆ 2010ನೇ ಸಾಲಿನ ಜ್ಞಾನಪೀಠ ಬಂತು. ಬೇಂದ್ರೆಯವರ ಹಾಡನ್ನ ಇಡೀ ನಾಡು ಹಾಡ್ತೈತಿ. ಇಷ್ಟಿದ್ದೂ ಎಷ್ಟೋ ವರ್ಷ ಸಿನಿಮಾದಾಗ ಈ ಮಾತಿಗೆ ಸಿಕ್ಕಿದ್ದು ಗೇಟ್ ಕಾಯೋ ಕೆಲಸ. ನಿಮಗೂ ಇದು ತಾಗಿರ್ತೈತಿ, ಗೋಕಾಕದವ್ರು ಬೆಂಗಳೂರಾಗ ಒಂದು ವಾರ ಇದ್ದು ಬಂದ್ರ ಸಾಕು ಗೊತ್ತಾಗ್ತೈತಿ. ಅದಕ್ಕ ಈ ಪ್ರಶ್ನಿಗೆ ಉತ್ತರ ಹುಡಕಾಕ ನಾವು ದೂರ ಹೋಗಬೇಕಾಗಿಲ್ಲ, ನಗಿಸ್ಕೊಂಡವ್ರ ಕಡೆ ಕುಂತು ನೋಡಿದ ಅನುಭವ ನಮಗ ಐತಿ. ಆದ್ರ ಅದ ನಾವು ಟಾಕೀಸಿನ್ಯಾಗ ಕುಂತಾಗ, ತೊದಲಿ ಮಾತಾಡಾಂವ ಬಂದ್ರ, ಕುಳ್ಳ ಬಂದ್ರ, ದಪ್ಪನ್ನ ಹೆಣ್ಮಗಳು ಬಂದ್ರ, ಸೀರಿ ಉಟ್ಟ ಗಂಡಸು ಬಂದ್ರ, ಆ ಮೆಸ್ಸಿನ ಗೆಳ್ಯಾರು ಮಾಡಿದ್ದನ್ನ ನಾವೂ ಮಾಡಿದ್ವಿ.

ಹಂಗಂದ್ರ ಹಳೇ ಜೋಕೆಲ್ಲಾ ಕೆಟ್ಟವು ಅಂತ ನಾ ಹೇಳಾಕತ್ತಿಲ್ಲ, ಆ ಮಾತು ತಪ್ಪಾಗ್ತೈತಿ. ನಮ್ಮ ಕಡೆ ಮದುವ್ಯಾಗ ಬೀಗರ ಹಾಡು ಕೇಳೀರಲ್ಲ? ಗಂಡಿನ ಕಡೇವ್ರನ್ನ ಹೆಣ್ಣಿನ ಕಡೆ ಹೆಂಗಸ್ರು ಯಾವ ಪರಿ ಹಂಗಸ್ತಾರ, ಬೀಗರ ಮೂಗು, ಬೀಗರ ಹೊಟ್ಟಿ, ಬೀಗರ ಜಿಪುಣತನ ಒಂದೂ ಬಿಡೂದಿಲ್ಲ. ಆದ್ರ ಮುಗದ ಮ್ಯಾಲ ಆ ಕಡೇವ್ರದು ಪಾಳಿ ಬರ್ತೈತಿ, ಅವರೂ ಎದ್ದು ಹಾಡ್ತಾರ, ಎರಡೂ ಕಡೆ ಸಮ ಆದ ಮ್ಯಾಲ ಊಟಕ್ಕ ಕುಂದ್ರೂದು. ಶ್ರೀಕೃಷ್ಣ ಪಾರಿಜಾತ ತಗೋರಿ, ನಿಮ್ಮ ಗೋಕಾಕ ಸೀಮಿಯ ಕುಲಗೋಡ ತಮ್ಮಣ್ಣನ ಹೆಸರಿನ ಜೋಡಿ ಬೆಳದ ಆಟ ಅದು, ಅದರಾಗ ಮೊಸರು ಮಾರಾಕ ಬಂದ ಗೊಲ್ಲತೀನ ಭಾಗವತ ಕಾಡಸ್ತಾನ, ಆಕಿ ಸುಮ್ಮನ ನಿಂದರ್ತಾಳೇನು? ಆಂವನ ಮಾತಿಗೆ ಎರಡು ಮಾತು ತಿರುಗಿ ಹಚ್ತಾಳ, ಜನ ಚಪ್ಪಾಳಿ ಹೊಡಿಯೂದು ಆಕಿ ಉತ್ತರಕ್ಕ. ಡಬಲ್ ಮೀನಿಂಗ್ ಬ್ಯಾಡ ಅಂದ್ರ ನಮ್ಮ ಜಾತ್ರಿ ನಾಟಕದಾಗ ಅರ್ಧ ಮಾತು ಉಳಿಯೂದಿಲ್ಲ, ಬನಶಂಕರಿ ಜಾತ್ರ್ಯಾಗ ತಿಂಗಳಗಟ್ಟಲೆ ಬೀಡು ಬಿಡೋ ಕಂಪನಿಗಳ ಹಾಸ್ಯ ಯಾವ ನಮೂನಿ ಇರ್ತೈತಿ ಅಂತ ನೋಡಿದವ್ರಿಗೆ ಗೊತ್ತು. ಹಸಿ ಮಾತು ಬ್ಯಾರೆ, ಹಂಗಿಸೋ ಮಾತು ಬ್ಯಾರೆ. ಹಸಿ ಮಾತಿಗೆ ಮುಜುಗರ ಆಗ್ತೈತಿ, ಹಂಗಿಸೋ ಮಾತಿಗೆ ನೋವಾಗ್ತೈತಿ, ಎರಡೂ ಒಂದ ಸೀನಿನ್ಯಾಗ ಕೂಡಿ ಬಂದಾಗ ನಾವು ಗೊಂದಲಕ್ಕ ಬೀಳ್ತೀವಿ.

ಅದಕ್ಕ ನಾ ತರಗತ್ಯಾಗ ಹುಡ್ಗೂರಿಗೆ ಒಂದ ಪ್ರಶ್ನಿ ಕೇಳಾಕ ಹೇಳ್ತೇನಿ: ಈ ಸೀನಿನ್ಯಾಗ ಯಾರ ಮ್ಯಾಲ ನಗಿ ಬಿತ್ತೋ ಅವರಿಗೆ ಪಾಳಿ ಬಂತೇನು? ತಿರುಗಿ ಒಂದು ಮಾತಾಡಾಕ ಕಥಿ ಅವರಿಗೆ ಜಾಗ ಕೊಟ್ಟೈತೇನು? ಪಾಳಿ ಕೊಟ್ಟ ಜೋಕು ಅರವತ್ತು ವರ್ಷ ಆದ್ರೂ ಕೆಡೂದಿಲ್ಲ. ನರಸಿಂಹರಾಜು ಅವರ ಸೀನ್ ಹಾಕಿದ್ರ, ಅವರು 1954ರ ಬೇಡರ ಕಣ್ಣಪ್ಪದಿಂದ ಸಿನಿಮಾಕ್ಕ ಬಂದವ್ರು, 1979ರಾಗ ತೀರ್ಕೊಂಡ್ರು, ನನ್ನ ವಿದ್ಯಾರ್ಥಿಗಳು ಹುಟ್ಟೂಕಿಂತ ಇಪ್ಪತ್ತೈದು ವರ್ಷ ಮೊದಲ ಹೋದವ್ರು, ಈ ಹುಡ್ಗೂರು ಹೊಟ್ಟಿ ಹಿಡ್ಕೊಂಡು ನಗ್ತಾರ. ಯಾಕಂದ್ರ ಅಲ್ಲಿ ಅವರು ತಮ್ಮ ಅಂಜಿಕಿ, ತಮ್ಮ ಆಸೆಬುರುಕತನ, ತಮ್ಮ ಸುಳ್ಳು ಸಿಕ್ಕಿಬೀಳೂದನ್ನ ಆಡಿ ತೋರಸ್ತಾರ, ಗುಬ್ಬಿ ಕಂಪನಿಯಿಂದ ಬಂದ ಟೈಮಿಂಗು, ಕಣ್ಣು ಒಂದು ಹೇಳಿದ್ರ ಕಾಲು ಇನ್ನೊಂದು ಹೇಳ್ತಾವು. ಅದಕ್ಕ ಈಗಿನ ಮಕ್ಕಳಿಗೆ ನಗೂದ ಗೊತ್ತಿಲ್ಲ ಅನ್ನೂದನ್ನ ನಾ ಒಪ್ಪೂದಿಲ್ಲ ಸರ. ಮಾಸ್ಟರ್ ಹಿರಣ್ಣಯ್ಯನವರ ಲಂಚಾವತಾರದ ಮಾತು ಕೇಳಿಸಿದ್ರೂ ನಗ್ತಾರ, ಅಲ್ಲಿ ಏಟು ಬೀಳೂದು ಕುರ್ಚಿ ಮ್ಯಾಲ ಕುಂತವ್ರಿಗೆ, ಅವರಿಗೆ ತಿರುಗಿ ಮಾತಾಡಾಕ ಮೈಕು ಪೊಲೀಸು ಎಲ್ಲಾ ಇತ್ತು.

ಇನ್ನ ಅವರು ನಗದ ಸೀನು ಯಾವು ಅಂದ್ರ ಒಂದನೇದು ಹೀರೋ ಹುಡುಗಿ ಬೆನ್ನ ಹತ್ತೋದು. ಹಾಡಿನ ಮೊದಲ ಸೈಕಲ್ ಅಡ್ಡ ನಿಲ್ಲಸ್ತಾನ, ಪುಸ್ತಕ ಕಸಗೋತಾನ, ಗೆಳ್ಯಾರೆಲ್ಲಾ ಸುತ್ತ ಕುಣೀತಾರ, ಆಕಿ ಅಳು ಮಾರಿ ಮಾಡಿದ್ರ ಕಾಮಿಡಿ ಮ್ಯೂಸಿಕ್ಕು ಬರ್ತೈತಿ. ನಾ ಮೊದಮೊದಲ ಸಿನಿಮಾ ತೋರಿಸುವಾಗ ಹುಡುಗೂರ ಬೆಂಚು ಸೀಟಿ ಹೊಡೀತಿತ್ತು, ಹುಡುಗ್ಯಾರ ಬೆಂಚು ಗಪ್ ಚಿಪ್. ಆಮ್ಯಾಲ ಒಂದು ಹತ್ತು ವರ್ಷದ ಹಿಂದ ಒಂದು ಬದಲಾವಣಿ ನೋಡಿದೆ, ಹುಡುಗೂರು ನಗೂಕಿಂತ ಮೊದಲ ಒಂದು ಕ್ಷಣ ಆ ಕಡೆ ಬೆಂಚು ನೋಡಾಕ ಶುರು ಮಾಡಿದ್ರು. ಆ ಒಂದು ಕ್ಷಣದ ನೋಟಕ್ಕ ನಾ ಭಾಳ ಬೆಲಿ ಕೊಡ್ತೇನಿ. ಈಗ ಅದ ಸೀನಿಗೆ ಇಡೀ ರೂಮು ಸುಮ್ಮಿರ್ತೈತಿ. 2013ರಾಗ ಕಾನೂನು ತಿದ್ದುಪಡಿ ಆಗಿ ಹೆಣ್ಣಮಗಳ ಬೆನ್ನ ಹತ್ತೂದು ಐಪಿಸಿ 354ಡಿ ಪ್ರಕಾರ ಅಪರಾಧ ಆತು, ಈಗಿನ ಭಾರತೀಯ ನ್ಯಾಯ ಸಂಹಿತಾದಾಗ ಅದು 78ನೇ ಕಲಮು. ನಿಮ್ಮ ಮಗಳು ಬೆಳದದ್ದು ಈ ಕಾನೂನು ಬಂದ ಮ್ಯಾಲ, ಆಕಿಗೆ ಅದು ಪ್ರೀತಿ ಅಲ್ಲ, ಕಾಮಿಡಿನೂ ಅಲ್ಲ, ಬಸ್ ಸ್ಟ್ಯಾಂಡಿನ್ಯಾಗ ದಿನಾ ಹೆದರ್ಕೊಂಡು ದಾಟೋ ಜಾಗ. ಆಕಿ ಅಲ್ಲಿ ನಗಬೇಕು ಅಂದ್ರ ತನ್ನ ಹೆದರಿಕಿ ಮ್ಯಾಲ ತಾನ ನಗಬೇಕು.

ಇನ್ನೊಂದು, ಇದನ್ನ ನಾ ಸ್ವಲ್ಪ ತಡದು ಹೇಳ್ತೇನಿ, ಯಾಕಂದ್ರ ಇದು ನಮ್ಮ ಸೀಮಿದ ವಿಷಯ. ಸಿನಿಮಾದಾಗ ಚಪ್ಪಾಳಿ ತಟಗೋತ, ಸೊಂಟ ತಿರುವಿಕೋತ ಬರೋ ಪಾತ್ರ ಎಷ್ಟು ನೋಡೀವಿ, ಎರಡು ನಿಮಿಷ ಬಂದು ಹೋಗೂದು, ಹೀರೋ ಮೈ ಮುಟ್ಟೂದು, ಹೀರೋ ಓಡೂದು, ಟಾಕೀಸು ನಗೂದು. ಅದ ಟಾಕೀಸಿನ್ಯಾಗ ಕುಂತ ಮಂದಿ ಭಾರತ ಹುಣ್ಣಿವಿಗೆ ಚಕ್ಕಡಿ ಕಟಗೊಂಡು ಸವದತ್ತಿ ಎಲ್ಲಮ್ಮನ ಗುಡ್ಡಕ್ಕ ಹೋಗಿ, ತಲಿ ಮ್ಯಾಲ ದೇವಿ ಮೂರ್ತಿಯ ಜಗ ಹೊತ್ತ, ಗಂಡಾಗಿ ಹುಟ್ಟಿ ಸೀರಿ ಉಟ್ಟು ಎಲ್ಲಮ್ಮನ ಸೇವಾ ಮಾಡೋ ಜೋಗಪ್ಪನ ಕಾಲಿಗೆ ಬಿದ್ದು "ಉಧೋ ಉಧೋ" ಅಂತ ಭಂಡಾರ ಹಚಗೊಂಡು ಬರ್ತಿದ್ರು. ನಮ್ಮಜ್ಜಿ ಮಂಗಳವಾರ ಶುಕ್ರವಾರ ಜೋಗಪ್ಪ ಬಾಗಿಲಿಗೆ ಬಂದ್ರ ಮೊರದಾಗ ಜೋಳ ತುಂಬಿ ಕೊಟ್ಟು, ನಮ್ಮನ್ನ ಕರದು ಕೈ ಮುಗಿಸೋಕಿ. ಅದ ಜೋಗಪ್ಪ ಒಂದಿನ ನಮ್ಮೂರ ಟೆಂಟ್ ಟಾಕೀಸಿಗೆ ಬಂದು ಕುಂತಿದ್ದ, ಅಂಥಾ ಸೀನ್ ಬಂತು, ಟೆಂಟ್ ತುಂಬ ಮಂದಿ ಪರದೆ ಬಿಟ್ಟು ಹಿಂದಕ್ಕ ಹೊಳ್ಳಿ ಅವನ್ನ ನೋಡಿ ನಕ್ರು. ನಾ ಆಗ ಆರನೆತ್ತೆ, ನಾನೂ ಹೊಳ್ಳಿ ನೋಡಿದೆ. ಆತನ ಮಾರಿ ಇವತ್ತಿಗೂ ಕಣ್ಮುಂದ ಐತಿ. ಮತ್ತ ಆತ ಟಾಕೀಸಿಗೆ ಬಂದಿದ್ದು ನಾ ನೋಡಲಿಲ್ಲ. 2014ರ ಏಪ್ರಿಲ್‌ದಾಗ ಸುಪ್ರೀಂ ಕೋರ್ಟು ನಾಲ್ಸಾ ತೀರ್ಪಿನ್ಯಾಗ ತೃತೀಯ ಲಿಂಗದವ್ರನ್ನ ಮಾನ್ಯ ಮಾಡ್ತು, 2019ರಾಗ ತೃತೀಯ ಲಿಂಗದ ಕಲಾವಿದೆ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿ ಅಧ್ಯಕ್ಷರಾದ್ರು, 2021ರಾಗ ಅವರಿಗೆ ಪದ್ಮಶ್ರೀ ಬಂತು, ರಾಷ್ಟ್ರಪತಿಗೆ ಸೆರಗಿನಿಂದ ದೃಷ್ಟಿ ತಗದ ವಿಡಿಯೋ ನಿಮ್ಮ ಮಗಳು ಫೋನಿನ್ಯಾಗ ನೋಡಿರ್ತಾಳ. ಅದನ್ನ ನೋಡಿದ ಕಣ್ಣಿಗೆ ಆ ಎರಡು ನಿಮಿಷದ ಸೀನ್ ಹೆಂಗ ಕಾಣಬೇಕು ಹೇಳ್ರಿ. ನಮ್ಮ ಹಳೇ ಜಾತ್ರಿ ಸಂಸ್ಕೃತಿಗೆ ಹತ್ತಿರ ಇರೂದು ಆಕಿ ನೋಟ, ಮದ್ರಾಸು ಬೆಂಗಳೂರಿನ ಸ್ಟುಡಿಯೋದಾಗ ಬರದ ಆ ಸೀನ್ ಅಲ್ಲ.

"ಆಗ ಯಾರಿಗೂ ಗೊತ್ತಿದ್ದಿಲ್ಲ" ಅನ್ನೂದೂ ಪೂರ್ತಿ ಖರೆ ಅಲ್ಲ. ಕೇಂದ್ರ ಸರ್ಕಾರ 1991ರಾಗ ಸೆನ್ಸಾರ್ ಮಂಡಳಿಗೆ ಕೊಟ್ಟ ಮಾರ್ಗಸೂಚಿಯೊಳಗ ಅಂಗವಿಕಲರನ್ನ ಹೀಯಾಳಿಸೋ ಸೀನ್ ಸುಮ್ಮಸುಮ್ಮನ ತೋರಿಸಬಾರದು, ಕೀಳು ಅಭಿರುಚಿಯ ದ್ವಂದ್ವಾರ್ಥದ ಮಾತು ಬ್ಯಾಡ, ಹೆಣ್ಣಮಕ್ಕಳನ್ನ ಕೀಳಾಗಿ ತೋರಿಸೂದು ಬ್ಯಾಡ ಅಂತ ಐತಿ. ನಿಯಮ ಕಾಗದದ ಮ್ಯಾಲ ಇತ್ತು, ಆಮ್ಯಾಲೂ ಅಂಥಾ ಸಿನಿಮಾ ಬಂದು. ಬೆಳಗಾವಿ ಕಡೆ ಮಂದಿ ದಾದಾ ಕೊಂಡ್ಕೆ ಅವರ ಮರಾಠಿ ಸಿನಿಮಾ ಎಷ್ಟು ನೋಡ್ಯಾರ, ಆ ಮನುಷ್ಯನದು ಸೆನ್ಸಾರಿನ ಜೋಡಿ ಜಗಳನ ಒಂದು ದೊಡ್ಡ ಕಥಿ, ಬಾಯಾಗಿನ ಶಬ್ದ ಸಾದಾ, ಅರ್ಥ ಕೇಳವ್ರ ತಲ್ಯಾಗ, ಕತ್ತರಿ ಎಲ್ಲಿ ಹಾಕ್ತಿ? ಕಾನೂನಿಂದ ಇದನ್ನ ಹಿಡಿಯೂದು ಕಷ್ಟ ಅನ್ನೂದಕ್ಕ ಹೇಳಿದೆ.

ಅಂಗವೈಕಲ್ಯದ ಬಗ್ಗೆ ಮಾತ್ರ ಈಗ ಒಂದು ಗೆರಿ ಸ್ಪಷ್ಟ ಆಗೈತಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದಿ ಪ್ರಕಾರ ಮಂದಿ ಮುಂದ ಬೇಕಂತಲೇ ಅವರನ್ನ ಅವಮಾನ ಮಾಡಿದ್ರ ಆರು ತಿಂಗಳಿಂದ ಐದು ವರ್ಷದ ತನಕ ಜೈಲು ಐತಿ. 2024ರ ಜುಲೈದಾಗ ಹಿಂದಿ ಸಿನಿಮಾ ಒಂದರ ಮ್ಯಾಲ ನಿಪುಣ್ ಮಲ್ಹೋತ್ರಾ ಅವರು ಹಾಕಿದ್ದ ಕೇಸಿನ್ಯಾಗ ಸುಪ್ರೀಂ ಕೋರ್ಟು ಒಂದು ಭಾಳ ಚಂದ ವ್ಯತ್ಯಾಸ ಹೇಳ್ತು. ಅಂಗವೈಕಲ್ಯವನ್ನ ತಿಳಿಸೋ, ಅದರ ಬಗ್ಗೆ ಇರೋ ತಪ್ಪು ಕಲ್ಪನಾ ಒಡಿಯೋ ಹಾಸ್ಯ ಬ್ಯಾರೆ, ಆ ಮನುಷ್ಯನನ್ನ ಇನ್ನಷ್ಟು ಕುಗ್ಗಿಸೋ ಹಾಸ್ಯ ಬ್ಯಾರೆ ಅಂತ. ಸಿನಿಮಾ ನಿಲ್ಲಸ್ರಿ ಅಂತ ಹೇಳಲಿಲ್ಲ, ತೋರಿಸುವಾಗ ಏನು ನೆನಪಿಡಬೇಕು ಅಂತ ಹೇಳ್ತು. ನಮ್ಮ ಟಿ.ಎನ್. ಬಾಲಕೃಷ್ಣ ಅವರಿಗೆ ಕಿವಿ ಸರಿಯಾಗಿ ಕೇಳ್ತಿದ್ದಿಲ್ಲ. ಎದುರಿನವ್ರ ತುಟಿ ನೋಡಿ ತಮ್ಮ ಡೈಲಾಗು ಹಿಡಿಯೋ ಮನುಷ್ಯ ನೂರಾರು ಸಿನಿಮಾ ಮಾಡಿದ್ರು, ಅಭಿಮಾನ್ ಸ್ಟುಡಿಯೋ ಕಟ್ಟಿದ್ರು. ಅದ ಇಂಡಸ್ಟ್ರಿ ಕಿವುಡರ ಜೋಕು ಎಷ್ಟು ಮಾಡ್ತು ಅಂತ ನೆನಸಿಕೊಂಡ್ರ ನಂಗ ಸಂಕಟ ಆಗ್ತೈತಿ.

ದ್ವಾರಕೀಶ್ ಅವರ ವಿಷಯ ಬಂದಾಗ ಹುಡ್ಗೂರು ನನ್ನ ಕೂಡ ವಾದ ಮಾಡ್ತಾರ. 1972ರಾಗ ಕುಳ್ಳ ಏಜೆಂಟ್ 000, 1984ರಾಗ ಪ್ರಚಂಡ ಕುಳ್ಳ, ತಮ್ಮ ಹೆಸರಿಗೆ ಹಚ್ಚಿದ ಮಾತನ್ನ ತಾವ ಟೈಟಲ್ ಮಾಡ್ಕೊಂಡು, ತಾವ ಹೀರೋ ಆಗಿ ನಿಂತ್ರು. ಅದು ಪಾಳಿ ಕೊಟ್ಟದ್ದಲ್ಲ, ಪಾಳಿ ಕಸಗೊಂಡದ್ದು, ಅದಕ್ಕ ನಾ ಅವರಿಗೆ ಕೈ ಮುಗೀತೇನಿ. ಆದ್ರ ಹೋದ ವರ್ಷ ಗಿಡ್ಡನ್ನ ಹುಡುಗ ಒಬ್ಬ ಎದ್ದು, "ಸರ, ಅವರು ದ್ವಾರಕೀಶ್ ಆದ್ರು, ನಂಗ ಸಾಲ್ಯಾಗ ಬರೇ ಕುಳ್ಳ ಅನ್ನೂದು ಉಳೀತು, ನನ್ನ ಖರೆ ಹೆಸರು ಮಾಸ್ತರರಿಗೂ ನೆನಪಿದ್ದಿಲ್ಲ" ಅಂದ. ನನ್ನ ಹತ್ರ ಆಂವಗ ಕೊಡಾಕ ಉತ್ತರ ಇದ್ದಿದ್ದಿಲ್ಲ. ಎರಡೂ ಖರೆ. ಸಿನಿಮಾದ ಅಡ್ಡಹೆಸರು ಟಾಕೀಸಿನ್ಯಾಗ ಉಳಿಯೂದಿಲ್ಲ, ಸಾಲಿಗೆ ಬರ್ತೈತಿ, ಮೂವತ್ತು ವರ್ಷ ಮನುಷ್ಯನ ಬೆನ್ನಿಗೆ ಇರ್ತೈತಿ. ಬೆಕ್ಕಿಗೆ ಚೆಲ್ಲಾಟ ಇಲಿಗೆ ಪ್ರಾಣಸಂಕಟ ಅಂತ ನಮ್ಮ ಹಿರ್ಯಾರು ಇದನ್ನ ಯಾವ ಕಾಲೇಜಿಗೂ ಹೋಗದ ಹೇಳ್ಯಾರ.

ಈಗ ನಿಮ್ಮ ಎರಡನೇ ಪ್ರಶ್ನಿ, ನಾವು ಕೆಟ್ಟವ್ರಿದ್ವೇನು. ಇಲ್ರಿ. ಆದ್ರ ನಾವು ಟಾಕೀಸಿನ ಯಾವ ಕಡೆ ಕುಂತಿದ್ವಿ ಅನ್ನೂದನ್ನ ನೆನಪ ಮಾಡ್ಕೋಬೇಕು. ಎಂಬತ್ತರ ದಶಕದ ಆ ಡಬಲ್ ಮೀನಿಂಗ್ ಸಿನಿಮಾದ ನಮ್ಮೂರ ಪ್ರೇಕ್ಷಕರು ಹೆಚ್ಚಾಗಿ ಗಂಡಸ್ರು, ಸೆಕೆಂಡ್ ಶೋ, ಬಾಜೂಕ ಗೆಳ್ಯಾ, ಕತ್ತಲಿ. ಒಬ್ಬ ನಕ್ರ ನೂರು ಮಂದಿ ನಗ್ತಾರ, ಯಾಕ ನಕ್ವಿ ಅಂತ ಕೇಳ್ಕೊಳ್ಳಾಕ ಟೈಮ್ ಇರೂದಿಲ್ಲ. ಅದ ಸಿನಿಮಾನ ನೀವು ಟ್ಯೂಬ್‌ಲೈಟ್ ಬೆಳಕಿನ್ಯಾಗ, ಹೆಂಡ್ತಿ, ತಂಗಿ, ಇಪ್ಪತ್ತು ವರ್ಷದ ಮಗಳು, ಒಂಬತ್ತು ವರ್ಷದ ಅಳಿಯನ ನಡುವ ಕುಂತು ಹಚ್ಚೀರಿ. ಅಪ್ಪನ ಮಗ್ಗಲಕ ಕುಂತು ಆ ಡೈಲಾಗು ಕೇಳೂ ಮಗಳಿಗೆ ಎಷ್ಟು ಮುಜುಗರ ಆಗಿರಬೇಕು ಅನ್ನೂದನ್ನೂ ಲೆಕ್ಕಕ್ಕ ಹಿಡೀರಿ. ಆಕಿ ಎದ್ದು ಹೋದದ್ದರಾಗ ಅರ್ಧ ಸಿಟ್ಟು, ಅರ್ಧ ನಿಮ್ಮ ಮರ್ಯಾದಿ ಕಾಯೋ ಯೋಚನಿ ಇದ್ದೀತು.

ನಮ್ಮವ್ವನ್ನ ಇದರ ಬಗ್ಗೆ ಒಂದ್ಸಲ ಕೇಳಿದೆ, ಆಕಿಗೆ ಈಗ ಎಂಬತ್ತರ ಮ್ಯಾಲ. ಹಳೇ ಬಾಗಲಕೋಟಿ ಟಾಕೀಸಿಗೆ ಅಕ್ಕ ತಂಗ್ಯಾರು ನೆರಿ ಹೊರಿ ಹೆಣ್ಮಕ್ಕಳು ಮ್ಯಾಟ್ನಿಗೆ ಹೋಗ್ತಿದ್ರು, ಆ ಓಣಿ ಎಲ್ಲಾ ಆಮ್ಯಾಲ ಆಲಮಟ್ಟಿ ಹಿನ್ನೀರಿನ ಪಾಲಾತು. "ಅವ್ವಾ, ಹೆಂಡ್ತೀನ ಹೊಡಿಯೋ ಕಾಮಿಡಿ ಸೀನ್ ಬಂದಾಗ ನೀವೂ ಸೆರಗು ಬಾಯಿಗೆ ಹಚಗೊಂಡು ನಗತಿದ್ರಿ, ನಾ ಸಣ್ಣಾಂವ ಇದ್ದಾಗ ನೋಡೇನಿ" ಅಂದೆ. ಆಕಿ ಅಕ್ಕಿ ಆರಿಸೂದ ನಿಲ್ಲಿಸಿ ನನ್ನ ಮಾರಿ ನೋಡಿದ್ಲು. "ನಾವೆಲ್ಲಿ ನಗತಿದ್ವೋ? ಸೆರಗು ಬಾಯಿಗೆ ಹಚಗೊಂಡು ಕುಂದರ್ತಿದ್ವಿ, ಹಿಂದಿನ ಗಂಡಸ್ರು ನಗಾಕತ್ತೀವಿ ಅನ್ಕೋತಿದ್ರು. ನಿಮ್ಮ ಮಾಂಶಿ ಮನಿಗೆ ಹೋಗಿ ಅಂಥಾದ್ದ ತಿಂತಿದ್ಲು, ಆಕಿ ಮುಂದ ಹೆಂಗ ನಗೂದು?" ಸರ, ಐವತ್ತು ವರ್ಷ ನಾ ಆ ಸೆರಗನ್ನ ತಪ್ಪು ಓದಿದ್ದೆ. ನಿಮ್ಮ ಮಗಳು ಕೇಳಿದ ಪ್ರಶ್ನಿ ನಮ್ಮ ಮಾಂಶಿ ಕಾಲದಾಗೂ ಇತ್ತು, ಸೆರಗಿನ ಒಳಗ ಇತ್ತು.

ಇಷ್ಟು ಹೇಳಿದ ಮ್ಯಾಲ ಹುಡ್ಗೂರ ಕಡೆದೂ ಒಂದೆರಡು ತಕರಾರು ಹೇಳಬೇಕು, ನಾ ಅವರಿಗೂ ಹೇಳ್ತೇನಿ. ಮೊದಲನೇದು ಅವರು ಹಳೇ ಸಿನಿಮಾನ ಅರ್ಧ ನಿಮಿಷದ ತುಣುಕಿನ್ಯಾಗ ನೋಡ್ತಾರ. ಹೆಂಡ್ತಿಗೆ ಕಪಾಳಕ್ಕ ಹೊಡದಂವ ಕ್ಲೈಮ್ಯಾಕ್ಸಿನ್ಯಾಗ ಅದ ಹೆಂಡ್ತಿ ಮುಂದ ತಲಿ ತಗ್ಗಿಸಿ ನಿಂತಿರ್ತಾನ, ಅದು ಇವರಿಗೆ ಕಾಣೂದಿಲ್ಲ, ಕಪಾಳ ಅಷ್ಟ ಕಾಣ್ತೈತಿ. ಎಲ್ಲಾ ಸಿನಿಮಾದಾಗ ಹಂಗ ಆಗ್ತೈತಿ ಅಂತಲ್ಲ, ಆದ್ರ ಪೂರ್ತಿ ನೋಡದ ತೀರ್ಪು ಕೊಡಬಾರದು. ಎರಡನೇದು ಇವರ ರೀಲ್ಸು, ಮೀಮ್ಸು, ಟ್ರೋಲು ನೋಡ್ರಿ, ಕರ್ರಗ ಇದ್ದವ್ರು, ದಪ್ಪ ಇದ್ದವ್ರು, ಇಂಗ್ಲಿಷ್ ಬರದವ್ರು, ಹಳ್ಳಿಯಿಂದ ಬಂದ ಮುದುಕಿ ಎಲ್ಲಾರ ಮ್ಯಾಲೂ ನಗ್ತಾರ, ಆ ಮುದುಕಿಗೆ ತನ್ನ ವಿಡಿಯೋ ಎಲ್ಲಿ ತನಕ ಹೋತು ಅನ್ನೂದೂ ಗೊತ್ತಿರೂದಿಲ್ಲ. ಹಳೇ ಸಿನಿಮಾದಾಗ ಅಟ್ಲೀಸ್ಟ್ ನಟಿಗೆ ಸಂಬಳ ಸಿಗತಿತ್ತು. ನಾ ಇದನ್ನ ಅಂದಾಗ ತರಗತಿ ಭಾಳ ಹೊತ್ತು ಸುಮ್ಮಾಗ್ತೈತಿ, ಆಮ್ಯಾಲ ಒಬ್ಬಿಬ್ರು ಫೋನ್ ತಗದು ಏನೋ ಡಿಲೀಟ್ ಮಾಡೂದು ನೋಡೇನಿ.

ಹಚ್ಚೂದ ಬಿಡಬೇಕೇನು ಅಂತ ಕೇಳೀರಿ. ಬಿಡಬ್ಯಾಡ್ರಿ, ಕತ್ತರಿಸೂದೂ ಬ್ಯಾಡ. 2020ರಾಗ ಅಮೆರಿಕಾದಾಗ 1939ರ ಗಾನ್ ವಿತ್ ದ ವಿಂಡ್ ಸಿನಿಮಾನ ಒಂದು ಸ್ಟ್ರೀಮಿಂಗ್ ಕಂಪನಿ ಕೆಲವು ದಿನ ತಗದಿಟ್ಟು, ಆಮ್ಯಾಲ ಗುಲಾಮಗಿರಿಯನ್ನ ಈ ಸಿನಿಮಾ ಹೆಂಗ ತಪ್ಪಾಗಿ ತೋರಸ್ತೈತಿ ಅಂತ ಮೊದಲ ಒಂದು ಮಾತು ಸೇರಿಸಿ ವಾಪಸ್ ಹಾಕ್ತು. ಆ ಸಿನಿಮಾದಾಗ ಮನಿ ಕೆಲಸದಾಕಿ ಪಾತ್ರ ಮಾಡಿದ ಹ್ಯಾಟಿ ಮೆಕ್‌ಡ್ಯಾನಿಯಲ್ 1940ರಾಗ ಆಸ್ಕರ್ ಗೆದ್ದ ಮೊದಲ ಕಪ್ಪು ವರ್ಣದ ಕಲಾವಿದೆ, ಆ ಸಮಾರಂಭದಾಗ ಆಕಿಗೆ ಬ್ಯಾರೆ ಟೇಬಲ್ ಹಾಕಿ ಕುಂದರ್ಸಿದ್ರು. ಸಿನಿಮಾ ಅಳಿಸಿದ್ರ ಆಕಿನೂ ಅಳಿಸಿ ಹೋಗ್ತಾಳ, ಆ ಬ್ಯಾರೆ ಟೇಬಲ್ಲೂ ಮರತು ಹೋಗ್ತೈತಿ.

ನಮ್ಮಲ್ಲಿ ನಾ ಯಾವಾಗ್ಲೂ ಉಮಾಶ್ರೀ ಅವರನ್ನ ನೆನಸ್ತೇನಿ. 1984ರ ಅನುಭವದಿಂದ ಹಿಡದು ಎಂಬತ್ತರ ದಶಕ ಪೂರ್ತಿ ಅವರಿಗೆ ಸಿಕ್ಕ ಪಾತ್ರ ಯಾವು, ಡೈಲಾಗು ಯಾವು ಅಂತ ನಿಮಗೂ ಗೊತ್ತು, ನಂಗೂ ಗೊತ್ತು, ಪೋಸ್ಟರ್ ನೋಡಿ ಸೀಟಿ ಹೊಡದವ್ರು ನಾವ. ಅದ ಹೆಣ್ಣಮಗಳು ರಂಗಭೂಮ್ಯಾಗ ಒಡಲಾಳದ ಸಾಕವ್ವ ಆದ್ರು, ಗುಲಾಬಿ ಟಾಕೀಸಿಗೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ತಗೊಂಡ್ರು, 2013ರಾಗ ನಮ್ಮ ಜಿಲ್ಲಾದ ತೇರದಾಳ ಕ್ಷೇತ್ರದಿಂದ ಗೆದ್ದು ಮಂತ್ರಿ ಆದ್ರು, ಬನಹಟ್ಟಿ ನೇಕಾರ ಓಣ್ಯಾಗ ಹೆಣ್ಮಕ್ಕಳು ಅವರಿಗೆ ಆರತಿ ಎತ್ತಿದ್ರು. ಈಗ ಆ ಹಳೇ ಸಿನಿಮಾ ಹಚ್ಚಿ ನೋಡಿದ್ರ ನಂಗ ಬ್ಯಾರೇನ ಕಾಣ್ತೈತಿ, ಆ ಕೆಟ್ಟ ಡೈಲಾಗಿನ ನಡುವ ಒಬ್ಬ ದೊಡ್ಡ ನಟಿ ತನ್ನ ಟೈಮಿಂಗು, ತನ್ನ ಕಣ್ಣು, ತನ್ನ ದಮ್ಮು ಹೆಂಗ ಉಳಿಸ್ಕೊಂಡು ಬಂದ್ರು ಅನ್ನೂದು. ಅವರಿಗೆ ಅವತ್ತು ಬರದುಕೊಟ್ಟದ್ದು ಎಷ್ಟು ಸಣ್ಣದು, ಅವರು ಎಷ್ಟು ದೊಡ್ಡವ್ರು ಅಂತ ಅಳಿಯಾಕ ಆ ಸಿನಿಮಾ ಇರಬೇಕು. ನಿಮ್ಮ ಮಗಳಿಗೆ ಇದನ್ನ ಹೇಳಿ ತೋರ್ಸಿದ್ರ ಆಕಿ ಎದ್ದು ಹೋಗೂದಿಲ್ಲ, ನನ್ನ ವಿದ್ಯಾರ್ಥಿನಿಯರು ಹೋಗಿಲ್ಲ.

ಹಿಂಗ ಮಾಡ್ರಿ. ದೀಪಾವಳಿಗೆ ಮಕ್ಕಳು ಬಂದಾಗ ಮೊದಲ ನರಸಿಂಹರಾಜು ಇರೋ ಒಂದು ಕಪ್ಪು ಬಿಳುಪು ಸಿನಿಮಾ ಹಚ್ರಿ, ಕೂಡಿ ನಗೂದಕ್ಕ. ಮರುದಿನ ಬೇಕಾದ್ರ ನಿಮ್ಮ ಆ ಸಿನಿಮಾ ತಗೀರಿ, ರಿಮೋಟು ಮಗಳ ಕೈಯಾಗ ಕೊಡ್ರಿ. ಆಕಿ ಎಲ್ಲಿ ನಿಲ್ಲಸ್ತಾಳೋ ಅಲ್ಲಿ ನಿಲ್ಲಲಿ, ಯಾಕ ಅಂತ ಕೇಳ್ರಿ, ಅಡ್ಡ ಬಾಯಿ ಹಾಕಬ್ಯಾಡ್ರಿ. ಆಮ್ಯಾಲ ನೀವು ಹೇಳ್ರಿ, ಆಗ ಟಾಕೀಸು ಹೆಂಗಿತ್ತು, ಯಾರ ಜೋಡಿ ಹೋಗಿದ್ರಿ, ಯಾವ ಮಾತಿಗೆ ನಕ್ರಿ, ಈಗ ಅದನ್ನ ಮತ್ತೊಮ್ಮೆ ಕೇಳಿದಾಗ ನಿಮಗ ಏನನಸ್ತು ಅಂತ ಖರೆ ಹೇಳ್ರಿ. ನಿಮ್ಮ ಮನ್ಯಾರನ್ನೂ ಒಳಗ ಚಹಾ ಮಾಡಾಕ ಕಳಸಬ್ಯಾಡ್ರಿ, ಅವರೂ ಕುಂದರ್ಲಿ. ಅವರು ಆ ಕಾಲದಾಗ ಯಾವ ಸೀನಿಗೆ ನಗಲಿಲ್ಲ ಅಂತ ನೀವು ಮದುವಿ ಆದ ಮ್ಯಾಲ ಒಮ್ಮೆರ ಕೇಳೀರೇನು? ನಾ ಕೇಳಿದ್ದಿಲ್ಲ, ಭಾಳ ತಡ ಮಾಡಿ ಕೇಳಿದೆ.

ಇನ್ನ ಆ ಒಂಬತ್ತು ವರ್ಷದ ಅಳಿಯ. ಹಳೇ ಸಿನಿಮಾಕ್ಕ "ಯು" ಸರ್ಟಿಫಿಕೇಟ್ ಐತಿ ಅಂತ ನಂಬಿ ಸಣ್ಣ ಮಕ್ಕಳ ಮುಂದ ಹಚ್ಚಬ್ಯಾಡ್ರಿ. 1983ರ ತನಕ ನಮ್ಮಲ್ಲಿ "ಯು" ಇಲ್ಲಾ "ಎ" ಎರಡ ಇದ್ದು, ನಡುವಿನ "ಯು/ಎ" ಬಂದಿದ್ದು ಆಮ್ಯಾಲ, 2023ರ ತಿದ್ದುಪಡಿಯಿಂದ ಅದರಾಗೂ ಏಳು, ಹದಿಮೂರು, ಹದಿನಾರು ಅಂತ ವಯಸ್ಸಿನ ಪ್ರಕಾರ ಮೂರು ಭಾಗ ಆಗ್ಯಾವು. ಅವತ್ತಿನ ಕಣ್ಣಿಗೆ "ಯು" ಅಂದದ್ದು ಇವತ್ತಿನ ಮಗೂಗೆ ಸರಿ ಇರಬೇಕಂತಿಲ್ಲ, ಮೊದಲ ನೀವೊಬ್ರ ನೋಡಿಕೊಳ್ರಿ. ಡಬಲ್ ಮೀನಿಂಗ್ ಆ ವಯಸ್ಸಿಗೆ ತಲಿ ಮ್ಯಾಲೆ ಹಾದು ಹೋಗ್ತೈತಿ, ಅದಕ್ಕ ನಾ ಅಷ್ಟು ಚಿಂತಿ ಮಾಡೂದಿಲ್ಲ. ತೊದಲು ಮಾತು, ಕುಂಟು ನಡಿಗಿ, ಮೆಳ್ಳಗಣ್ಣು, ಇವು ಆ ವಯಸ್ಸಿಗೆ ಥಟ್ಟನ ಹತ್ತತಾವು, ಸೋಮವಾರ ಸಾಲಿಗೆ ಹೋಗಿ ಆಂವ ಆಡಿ ತೋರಸ್ತಾನ. ಅಂಥಾ ಸೀನ್ ಬಂದ್ರ ನಿಲ್ಲಿಸಿ, ಬೈಯಬ್ಯಾಡ್ರಿ, ಪಾಠ ಹೇಳಬ್ಯಾಡ್ರಿ, ನಿಮ್ಮ ಕ್ಲಾಸಿನ್ಯಾಗ ಹಿಂಗ ಮಾತಾಡೋರು ಯಾರರ ಅದಾರೇನಪಾ ಅಂತ ಕೇಳ್ರಿ. ಅದಾರ ಅಂದ್ರ, ಆತನ ಹೆಸರೇನು ಅಂತ ಕೇಳ್ರಿ.